ಗೋಡೆ ಕಡೆಯ ತಗ್ಗು

ಹೋದ ಬೇಸಿಗೆ ಬಡಗಿ ಸಿದ್ದಾಚಾರಿ ಅಟ್ಟದ ಮೆಟ್ಟಿಲಿನ ಹಲಗೆಗೆ ಉಜ್ಜುಗೊರಡು ಹಾಕುತ್ತಲೇ ನಡುಮನೆಯಲ್ಲೆಲ್ಲ ಹರಳೆಣ್ಣೆ ವಾಸನೆ ಎದ್ದಿತು. ಅದರ ಹಿಂದೆಯೇ ರಾಗಿ ದೂಳಿನ ಕಮಟು. ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಹಬ್ಬದ ಮುಂದೆ ಅವಳು ಹಳೇ ಸೀರೆ ತುಂಡನ್ನು ಎಣ್ಣೆಯಲ್ಲಿ ಅದ್ದಿ ಈ ಮೆಟ್ಟಿಲು ಒರೆಸುತ್ತಿದ್ದುದು ಮಾತ್ರ ಮರದೊಳಗೆ ಹಾಗೇ ಉಳಿದಿತ್ತು. ಆಚಾರಿಗೆ ತಂದಿದ್ದ ಕಾಫಿ ಲೋಟ ಕೈಲಿ ಹಿಡಿದುಕೊಂಡೇ ನಿಂತುಬಿಟ್ಟೆ.

ಕೊತ್ತತ್ತಿಯ ನಮ್ಮ ಮನೆಯಲ್ಲಿ ಆ ಮೆಟ್ಟಿಲಿಗೊಂದು ಕಟ್ಟಳೆಯಿತ್ತು. ಗೋಡೆ ಕಡೆ ಯಾರೂ ಕಾಲಿಡಬಾರದು. ರಾಗಿ ಮೂಟೆ ಹೊತ್ತ ಅಪ್ಪನೂ ಸರಿ, ಬೆಲ್ಲ ಕದಿಯಲು ಹತ್ತುವ ನಾವೂ ಸರಿ, ಹೊರಗಿನ ಅಂಚಿಗೇ ಒತ್ತಿಕೊಂಡು ನಡೆಯಬೇಕಿತ್ತು. ಮನೆಗೆ ಬಂದ ಸೊಸೆಯರಿಗೆ ಒಲೆ ಯಾವುದೆಂದು ತೋರಿಸುವ ಮೊದಲು ಇದನ್ನು ಹೇಳಿಕೊಡುತ್ತಿದ್ದರು. ನಿಮ್ಮ ಮನೆಯಲ್ಲೂ ಕಾರಣ ಹೇಳದ ಇಂಥದೊಂದು ಇದ್ದಿರಬಹುದು. ದೀಪ ಹಚ್ಚುವ ಹೊತ್ತಿಗೆ, ನಾಲೆ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿದ್ದಂತೆ, ಮೆಟ್ಟಿಲುಗಳು ಮೇಲಿನಿಂದ ಒಂದೊಂದಾಗಿ ಕಿರ್ ಎನ್ನುತ್ತಿದ್ದವು. ಅವಸರವಿಲ್ಲದೆ, ನಡುನಡುವೆ ನಿಂತು. ಮುದ್ದೆ ತಿರುವುತ್ತಿದ್ದ ಅಜ್ಜಿ ತಲೆಯೆತ್ತದೆ, "ಓರಕ್ಕೋಗ್ರಲಾ, ದಾರಿ ಬುಡಿ" ಎನ್ನುತ್ತಿದ್ದಳು. ಯಾರಿಗೆ ಎಂದರೆ ಮುದ್ದೆ ಕೋಲು ಇನ್ನಷ್ಟು ಜೋರಾಗಿ ತಿರುಗುತ್ತಿತ್ತು. ಬಿಸಿಲಿಗೆ ಹಿಗ್ಗಿದ ಮರ ತಂಪಿಗೆ ಕುಗ್ಗುತ್ತದೆ ಎಂದು ನಾನು ಸ್ಕೂಲಿನಲ್ಲಿ ಕಲಿತು ಬಂದು ಹೇಳಿದಾಗ ತಾಯಮ್ಮತ್ತೆ ನಕ್ಕಳು. ಅಪ್ಪನ ಅಕ್ಕ ಅವಳು, ಗಂಡ ಹೋದ ಮೇಲೆ ತವರಿಗೇ ಬಂದವಳು. "ಅಂಗಾರೆ ಬಾಗ್ಲು ಯಾಕಮ್ಮ ಸುಮ್ಕಿರ್ತದೆ? ಅದೇನು ಮರ ಅಲ್ವಾ?"

ಆ ತುಂಬಿದ ಮನೆಯಲ್ಲಿ ಕೊನೆಗೆ ಉಳಿದವಳು ಅತ್ತೆಯೊಬ್ಬಳೇ. ಅವಳನ್ನು ನೋಡಿಕೊಳ್ಳಲೆಂದು ನಾನೂ ನನ್ನ ಗಂಡನೂ ಬಂದು ಸೇರಿಕೊಂಡೆವು. ಕಣ್ಣು ಮಂಜಾಗಿದ್ದರೂ ದೀಪದ ಹೊತ್ತಿಗೆ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಸಿಕೊಂಡು, ಸದ್ದು ಪೂರಾ ಇಳಿದು ಬರುವವರೆಗೆ ಕೂರುತ್ತಿದ್ದಳು. ಹೋದ ಬೇಸಿಗೆ ಹಲಗೆ ಕುಸಿದು ನಮ್ಮವರ ಕಾಲು ಒಳಕ್ಕಿಳಿದು ಮುರಿಯಿತು. ಹೊಸ ತೇಗ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಕೊಳೆತ ಕಡೆಗೆ ಹಿತ್ತಲ ಹಳೇ ಬಾಗಿಲಿನ ಹಲಸಿನ ಮರ ಹಾಕಿ, ಉಳಿದ ಹಲಗೆಗಳನ್ನು ಮಗುಚಿ, ಸವೆಯದ ಮೈ ಮೇಲೆ ಬರುವಂತೆ ಬಿಗಿದರೆ ಸಾಕೆಂದ ಆಚಾರಿ.

ಬಿಚ್ಚಿದ ಹಲಗೆಗಳ ಜಿಡ್ಡು ಕೆರೆದು ಬೆಳಕಿಗೆ ಹಿಡಿದವನು ನನ್ನನ್ನು ಹತ್ತಿರ ಕರೆದ. ಹೊರ ಅಂಚು ನಮ್ಮೆಲ್ಲರ ಕಾಲಿಗೆ ಸವೆದಿತ್ತು. ಗೋಡೆ ಕಡೆಯೂ ಸವೆದಿತ್ತು. ನನ್ನ ಅಂಗೈಯಷ್ಟೇ ಅಗಲದ ನುಣ್ಣನೆ ತಗ್ಗು, ಹಲಗೆ ಹಲಗೆಯಲ್ಲೂ.

"ಏನಕ್ಕಾ, ಮಗಿನ ಕಾಲಿದ್ದಂಗೈತೆ? ಇಷ್ಟು ಸವೀಬೇಕಾರೆ ಒಂದಾಯಸ್ಸೇ ಬೇಕು."

ಅತ್ತೆ ಕೈ ಚಾಚಿ ತಗ್ಗನ್ನು ತಡವಿದಳು. "ನಮ್ಮಕ್ಕ ಕಣಮ್ಮ" ಎಂದಳು. ನನಗೆ ಇನ್ನೊಬ್ಬ ಅತ್ತೆ ಇದ್ದುದೇ ಗೊತ್ತಿರಲಿಲ್ಲ. ಗೋಡೆ ಹಿಡಿದು ಮೆಟ್ಟಿಲು ಹತ್ತಲು ಕಲಿತ ವರ್ಷವೇ ಜ್ವರ ಬಂದು ಹೋದಳಂತೆ. ತಾಯಮ್ಮತ್ತೆ ಆಗ ತೊಟ್ಟಿಲಲ್ಲಿದ್ದಳಂತೆ. ಹೆಸರೆತ್ತಿದರೆ ಅಜ್ಜಿ ಆ ದಿನ ಉಣ್ಣುತ್ತಿರಲಿಲ್ಲವಂತೆ. "ಮಗುಚಬ್ಯಾಡ್ರಮ್ಮ. ಅವಳ ಕಾಲ್ಗೆ ಗುರ್ತು ತಪ್ತದೆ."

"ಇವ್ರು ಇನ್ನೊಂದು ಕಾಲೂ ಮುರ್ಕೋಬೇಕಾ ಅತ್ತೆ?"

"ನಿನ್ ಗಂಡ ಕಣ್ಬುಟ್ಕಂಡು ಮೆಟ್ಲತ್ತಿದ್ರೆ ಯಾಕ್ ಮುರೀತಿತ್ತು?"

ಬೇರೆ ದಾರಿಯಿರಲಿಲ್ಲ, ಮಗುಚಿದೆವು. ಅಂದು ದೀಪ ಹಚ್ಚಿದಾಗ ಮೆಟ್ಟಿಲು ಸದ್ದು ಮಾಡಲಿಲ್ಲ. ಮಾರನೆಯ ದಿನವೂ ಇಲ್ಲ. ಅತ್ತೆ ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಮ್ಯಾಗೇ ನಿಂತವ್ಳೆ. ಇಳಿಯಕ್ಕೆ ಎದ್ರಿಕೊಂಡವ್ಳೆ."

ಆ ವಾರದಲ್ಲೇ ಒಂದು ಸಂಜೆ, ನಾನು ಹೂ ಕಟ್ಟುತ್ತಿದ್ದಾಗ, ಮಂಡಿನೋವಿನ ಅತ್ತೆ ತಾನೇ ಮೆಟ್ಟಿಲು ಹತ್ತಿದಳು. ತಡೆಯಲು ಎದ್ದವಳು ಅವಳ ಮುಖ ನೋಡಿ ಕೂತೆ. ಅಟ್ಟದ ಮಬ್ಬಿನಲ್ಲಿ ಬಹಳ ಹೊತ್ತು ಪಿಸುಮಾತು. ಆಮೇಲೆ ಕೂತುಕೊಂಡೇ ಒಂದೊಂದು ಮೆಟ್ಟಿಲು ಇಳಿದು ಬಂದಳು. ಗೋಡೆ ಕಡೆಯ ಕೈ ಪಕ್ಕಕ್ಕೆ ಚಾಚಿತ್ತು, ಬೆರಳು ಅರ್ಧ ಮುಚ್ಚಿದ್ದವು. "ಮೆತ್ತಗೆ ಬಾರಕ್ಕಾ, ಅವಸ್ರ ಏನಿಲ್ಲ." ತಲೆಯೆಲ್ಲ ನೆರೆತ ಮುದುಕಿ ತನ್ನ ಸೊಂಟದೆತ್ತರವೂ ಇಲ್ಲದ ಬರಿಗಾಳಿಯನ್ನು ಅಕ್ಕ ಎಂದು ಕರೆಯುತ್ತಿದ್ದಳು. ನಡುಮನೆ ದಾಟಿ ಬೀದಿ ಬಾಗಿಲಿಗೆ ಹೋದಳು. ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಬರುತ್ತಿತ್ತು. ಅದು ಪೂರ್ತಿ ದಾಟಿ ಹೋಗುವವರೆಗೆ ಹಿಡಿದುಕೊಂಡೇ ನಿಂತಳು. ಆಮೇಲೆ ಬೆರಳು ಬಿಡಿಸಿದಳು.

ಒಳಗೆ ಬಂದು ತಣ್ಣಗಾಗಿದ್ದ ಮುದ್ದೆಯನ್ನೇ ಉಂಡಳು. ಮಳೆಗಾಲ ಮುಗಿಯುವುದರೊಳಗೆ ಅವಳೂ ಹೋದಳು. ಈಗ ಮನೆ ಬರೀ ನಮ್ಮದು.