ಕಾಂಪೌಂಡರ್ ಮನೆಯ ಭಾನುವಾರ

ಅವರ ಎಡಗಿವಿಗೆ ತುದಿ ಇರಲಿಲ್ಲ. ಹುಲಿಕುಂಟೆ ಕಡೆ ಕತ್ತೆಯೊಂದಕ್ಕೆ ಇಂಜೆಕ್ಷನ್ ಕೊಡಲು ಬಗ್ಗಿದಾಗ ಅದು ತಿರುಗಿ ಕಚ್ಚಿತ್ತಂತೆ. "ಹೋರಿ ತಿವಿದಿದ್ರೆ ಹೇಳ್ಕೊಳ್ಳೋಕಾದ್ರೂ ಚೆನ್ನಾಗಿರ್ತಿತ್ತು ಮೇಷ್ಟ್ರೇ" ಎಂದು ತಾವೇ ನಗುತ್ತಿದ್ದರು. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. ಮಧುಗಿರಿಯಲ್ಲಿ ಎಲ್ಲರಿಗೂ ಅವರು ಕಾಂಪೌಂಡರ್ರೇ, ನನಗೂ.

ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವರ ಮನೆಯ ಪಡಸಾಲೆಯಲ್ಲಿ ನಮ್ಮ ಕೂಟ. ದೇವರನ್ನು ನಂಬುವವರು, ನಂಬದವರು, ಇನ್ನೂ ಗೊತ್ತಾಗಿಲ್ಲ ಎನ್ನುವವರು, ಯಾರು ಬಂದರೂ ಚಾಪೆ ಇತ್ತು. ಒಬ್ಬರು ವಚನ ಓದಿದರೆ, ಶಿರಾದಿಂದ ಬರುತ್ತಿದ್ದ ಉರ್ದು ಮೇಷ್ಟರು ಕುರಾನಿನ ನಾಲ್ಕು ಸಾಲು ಹೇಳಿ ಅರ್ಥ ಬಿಡಿಸುತ್ತಿದ್ದರು. ಐದು ನಿಮಿಷ ಮೌನ. ಆಮೇಲೆ ಚರ್ಚೆ. ಅದಕ್ಕೆ ಒಂದೇ ಕಟ್ಟಳೆ: ಇನ್ನೊಬ್ಬರ ಮಾತಿಗೆ ಉತ್ತರ ಕೊಡುವ ಮೊದಲು ಆ ಮಾತನ್ನು ನಾವೇ ತಿರುಗಿ ಹೇಳಬೇಕು, ಆಡಿದವರು "ಹೌದು, ಅದೇ" ಎಂದು ಒಪ್ಪಬೇಕು. ಆಮೇಲೆ ಜಗಳವಾಡಿ, ಬಿಡಿ, ನಿಮ್ಮಿಷ್ಟ.

ನಾನು ಕೊರಟಗೆರೆಯಲ್ಲಿ ಹೈಸ್ಕೂಲು ಮೇಷ್ಟರು. ಹೆಂಡತಿ ತೀರಿಕೊಂಡ ವರ್ಷ ಮೊದಲ ಸಲ ಅಲ್ಲಿಗೆ ಹೋಗಿ, ದೇವರೆನ್ನುವವನು ಎದುರಿಗೆ ಸಿಕ್ಕರೆ ಮುಖಕ್ಕೆ ಉಗಿಯುತ್ತೇನೆ ಎಂದುಬಿಟ್ಟಿದ್ದೆ. ಯಾರೂ ಸಮಾಧಾನ ಹೇಳಲಿಲ್ಲ. ಕಾಂಪೌಂಡರ್ರು ಮಾತ್ರ ನಿಧಾನವಾಗಿ, "ದೇವ್ರು ಎದುರಿಗೆ ಸಿಕ್ರೆ ಮೇಷ್ಟ್ರು ಮುಖಕ್ಕೆ ಉಗೀತಾರಂತೆ. ಹೌದಾ ಮೇಷ್ಟ್ರೇ?" ಎಂದರು. ಹೌದು ಎಂದವನೇ ಅತ್ತುಬಿಟ್ಟೆ. ಆ ವರ್ಷ ನಾನು ಹುಚ್ಚು ಹಿಡಿಯದೆ ಉಳಿದದ್ದು ಆ ಪಡಸಾಲೆಯಿಂದ.

ಕೂಟ ಒಡೆದದ್ದೂ ಅದೇ ಕಟ್ಟಳೆಯಿಂದ. ಹತ್ತಿರದ ಹಳ್ಳಿಯೊಂದರ ದಲಿತ ಕೇರಿಯಿಂದ ಅಂಗನವಾಡಿ ಸಹಾಯಕಿಯೊಬ್ಬಳು ಬರತೊಡಗಿದ್ದಳು. ಮೂರು ತಿಂಗಳು ಬಾಯಿ ಬಿಡದೆ ಕೂತವಳು ಒಂದು ಭಾನುವಾರ ಮಾತಾಡಿದಳು.

"ನಾನು ಬೇಯ್ಸಿದ್ದು ಅಂತ ನಮ್ಮೂರಲ್ಲಿ ಮಕ್ಕಳನ್ನ ಊಟಕ್ಕೆ ಬುಡಲ್ಲ. ಉಳಿದಿದ್ದನ್ನ ಮನೆಗೆ ತರ್ತೀನಿ. ಇವತ್ತೂ ಯಾರೂ ತಿನ್ಲಿಲ್ವೇನವ್ವಾ ಅಂತ ಕೇಳ್ತಾಳೆ ನನ್ ಮಗಳು. ಅವಳಿಗೆ ಹೆಂಗೆ ಹೇಳ್ಲಿ?"

ಗೊಬ್ಬರದ ಅಂಗಡಿಯವರು ಉತ್ತರಿಸಲು ಮುಂದೆ ಬಂದರು. ನನಗೆ ದೂರದ ನೆಂಟರು. ಕೂಟದಲ್ಲಿ ವಚನ ಓದುತ್ತಿದ್ದವರು ಅವರೇ, ಕಂಠವೂ ಚೆನ್ನಾಗಿತ್ತು.

"ಎಲ್ರೂ ಬಲವಂತಕ್ಕಾದ್ರೂ ತಿನ್ಬೇಕು ಅಂತಾಳೆ ಈಯಮ್ಮ."

"ಇಲ್ಲ ಕಣಣ್ಣ, ನಾನಂಗನ್ಲಿಲ್ಲ."

"ಅಂಗಾದ್ರೆ ನಮ್ ಜನ ಕೆಟ್ಟೋರು ಅಂತಾಳೆ."

"ಅದೂ ಅನ್ಲಿಲ್ಲಣ್ಣ."

"ಮಗಳು ಏನ್ ಕೇಳಿದ್ಲು, ಅಷ್ಟು ಹೇಳಿ ಸಾಕು" ಎಂದರು ಕಾಂಪೌಂಡರ್ರು. ಅಂಗಡಿಯವರು "ನಾನ್ಯಾಕ್ ಹೇಳ್ಲಿ ಅದನ್ನ?" ಎಂದು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಟ್ಟರು.

ಮುಂದಿನ ವಾರ ಅರ್ಧ ಜನ ಬರಲಿಲ್ಲ. ಒಂದು ಸಲ ಕಟ್ಟಳೆ ಸಡಿಲಿಸಿ ಅಂಗಡಿಯವರನ್ನು ಕರೆಸಿ, ಇಲ್ಲದಿದ್ದರೆ ಕೂಟವೇ ಮುಗಿಯುತ್ತದೆ ಎಂದು ಕಾಂಪೌಂಡರ್ರಿಗೆ ಹೇಳಿದೆ. ಹಿರಿಯರಿಗೆ ಬುದ್ಧಿ ಹೇಳುವ ಚಾಳಿ ನನಗೆ.

"ಮುಗೀಲಿ ಬುಡಿ ಮೇಷ್ಟ್ರೇ. ಆ ಹುಡ್ಗೀ ಮಾತು ನಾಲಗೆ ಮೇಲೆ ಬರ್ದೇ ಇದ್ರೆ, ದೇವ್ರ ವಿಚಾರ ಏನ್ ಮಾತಾಡಿ ಏನು?" ಎಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಆಮೇಲೆ ಅವರು ಕತ್ತೆಯ ಕತೆ ಹೇಳಿ ನಕ್ಕದ್ದನ್ನು ನಾನು ನೋಡಲಿಲ್ಲ.

ಉರ್ದು ಮೇಷ್ಟರಿಗೆ, ಕಾಲ ಸರಿಯಿಲ್ಲ, ಇಂಥಲ್ಲಿಗೆಲ್ಲ ಹೋಗಬೇಡಿ ಎಂದು ಮನೆಯವರು ಹೇಳಿದರು. ಉಳಿದವರಿಗೆ ಒಂದೊಂದು ಮದುವೆ, ಒಂದೊಂದು ಗೃಹಪ್ರವೇಶ. ಕೊನೆಗೆ ಉಳಿದವರು ಕಾಂಪೌಂಡರ್ರು, ಅವಳು, ನಾನು. ಅಷ್ಟರಲ್ಲಿ ನನ್ನ ಮಗಳಿಗೆ ಗೊಬ್ಬರದ ಅಂಗಡಿಯವರ ಕಡೆಯಿಂದಲೇ ಒಳ್ಳೆಯ ಸಂಬಂಧ ಬಂತು. "ಇನ್ನೂ ಅಲ್ಲಿಗೆ ಹೋಗ್ತಿರ್ತೀರಂತೆ" ಎಂದು ಅವರು ಒಮ್ಮೆ ಕೇಳಿದರು, ಅಷ್ಟೇ. ನನ್ನಂಥವನಿಗೆ ಅಷ್ಟು ಸಾಕಾಯಿತು. ಮಂಡಿನೋವು, ಬಸ್ಸು ಹತ್ತಲಾಗುವುದಿಲ್ಲ ಎಂದು ಕಾಂಪೌಂಡರ್ರಿಗೆ ಫೋನಿನಲ್ಲಿ ಸುಳ್ಳು ಹೇಳಿದೆ. ನಾಲ್ಕನೇ ದಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಬಾಟಲಿ ಎಣ್ಣೆ ಬಂತು. ಜೊತೆಗೆ ಚೀಟಿ: "ಎತ್ತಿನ ಕಾಲಿಗೇ ಹಿಡಿಯುತ್ತದೆ. ದಿನಾ ಸಂಜೆ ತಿಕ್ಕಿ." ಮಗಳ ಮದುವೆ ಸುಸೂತ್ರವಾಗಿ ಆಯಿತು. ಕಾಂಪೌಂಡರ್ರನ್ನು ಕರೆಯಲಿಲ್ಲ. ನಾನು ಹೇಡಿ, ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಮದುವೆಯಾಗಿ ಎರಡು ವರ್ಷಕ್ಕೆ, ಕಳೆದ ಬೇಸಗೆಯ ಒಂದು ಬುಧವಾರ ಅವರು ಹೋದರು. ಮಣ್ಣಿಗೆ ಹೋದೆ. ಕೂಟದವರು ಯಾರೂ ಕಾಣಲಿಲ್ಲ. ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಆ ಅಂಗನವಾಡಿಯವಳೊಬ್ಬಳೇ ನಿಂತಿದ್ದಳು. ಏನು ಮಾತಾಡಬೇಕೋ ತಿಳಿಯದೆ, ಕೂಟ ಯಾವಾಗ ನಿಂತಿತಮ್ಮ ಎಂದೆ.

"ನಿಂತಿರ್ಲಿಲ್ಲ ಸಾರ್. ನಾವಿಬ್ರೇ ಕೂತ್ಕೊಳ್ತಿದ್ವಿ. ನಾನು ಹತ್ತಕ್ಕೇ ಬಂದ್ಬುಡ್ತಿದ್ದೆ. ಕೊರಟಗೆರೆ ಬಸ್ ಬರ್ಲಿ ತಾಳಮ್ಮ, ಮೇಷ್ಟ್ರ ಕಾಲು ವಾಸಿಯಾಗಿರ್ಬೋದು ಅನ್ನೋರು. ಬಸ್ ಬಂದು ಹೋದ್ಮೇಲೇ ಶುರು ಮಾಡೋರು."

"ಎಲ್ಲಿ ತನಕ?" ಎಂದೆ.

"ಮೊನ್ನೆ ಭಾನುವಾರದ ಗಂಟ."