ಅರ್ಧ ರೊಟ್ಟಿ ತಿನ್ನುವಷ್ಟು ಹೊತ್ತು

ನಮ್ಮಕ್ಕ ಹುಲಿಗೆಮ್ಮ ಯಾರಿಗಾದರೂ ಊಟ ಮಾಡಿಸುವುದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಒಂದು ಚಮಚ ಬಾಯಿಗಿಡುತ್ತಾಳೆ, ಸುಮ್ಮನೆ ಕೂರುತ್ತಾಳೆ. ಗಂಟಲು ಆಡಿತೋ ಇಲ್ಲವೋ ನೋಡುತ್ತಾಳೆ, ಮತ್ತೆ ಸುಮ್ಮನೆ ಕೂರುತ್ತಾಳೆ. ಅಯ್ಯೋ, ಅಷ್ಟರಲ್ಲಿ ನನ್ನ ಹೋಟೆಲಿನ ಬೆಂಚು ತುಂಬಿ ಖಾಲಿಯಾಗಿರುತ್ತದೆ! ಸಾಸ್ವೆಹಳ್ಳಿ ಬಸ್ ನಿಲ್ದಾಣದ ಪಕ್ಕ ನನ್ನದು ಬೆಳಗ್ಗೆ ಇಡ್ಲಿ, ಸಂಜೆ ಮಂಡಕ್ಕಿ ಮೆಣಸಿನಕಾಯಿಯ ವ್ಯಾಪಾರ. ಹೊನ್ನಾಳಿ ಬಸ್ಸು ಹಾರ್ನ್ ಹೊಡೆಯುವುದರೊಳಗೆ ಗಿರಾಕಿ ತಿಂದು ಕೈ ತೊಳೆದಿರಬೇಕು. ತಟ್ಟೆ ಮುಂದಿಟ್ಟುಕೊಂಡು ಊರ ಪುರಾಣ ಬಿಚ್ಚುವವರನ್ನು ಕಂಡರೆ ನನಗಾಗದು. "ಏನ್ರೀ, ಇಡ್ಲಿಗೆ ಮುಹೂರ್ತ ನೋಡ್ತಿದೀರಾ?" ಎಂದು ಕೇಳಿಯೇ ಬಿಡುತ್ತೇನೆ. ನನ್ನ ಹೆಂಡತಿ ಸುನೀತಾ ಪ್ರಕಾರ ನಾನು ನುಂಗುವುದೂ ಜಗಳವಾಡಿದ ಹಾಗೇ ಇರುತ್ತದಂತೆ. ಅದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕ ಹೀಗೆ. ಆದರೆ ಊರಲ್ಲಿ ಯಾರ ಮನೆಯಲ್ಲಿ ಮುದುಕರು ಊಟ ಬಿಟ್ಟರೂ ಮೊದಲು ಅಕ್ಕನಿಗೇ ಹೇಳಿ ಕಳಿಸುತ್ತಾರೆ, ಅದನ್ನು ನಾನು ಇಲ್ಲ ಎನ್ನಲಾರೆ.

ಅಕ್ಕನನ್ನು ನ್ಯಾಮತಿಗೆ ಕೊಟ್ಟಿದ್ದರು. ಭಾವ ಮದುವೆಯಾದ ಕೆಲವೇ ವರ್ಷಕ್ಕೆ ತೀರಿಕೊಂಡ. ಮಕ್ಕಳಿರಲಿಲ್ಲ. ಮನೆಗೆ ಬಂದು ಮೂಲೆಯಲ್ಲಿ ಕೂರುತ್ತಾಳೆ ಅಂದುಕೊಂಡರೆ ದಾವಣಗೆರೆಯ ಒಂದು ನರ್ಸಿಂಗ್ ಹೋಮಿನಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಆಮೇಲೊಂದು ದಿನ, "ಇಸ್ರೇಲಿಗೆ ಹೋಗ್ತೀನಿ, ಅಲ್ಲಿ ವಯಸ್ಸಾದೋರನ್ನ ನೋಡ್ಕಳಾಕೆ ಜನ ಬೇಕಂತೆ" ಅಂದಳು. ನಾನು ಕೂಗಾಡಿದೆ. ಅವ್ವ ಅತ್ತಳು. ಅಕ್ಕ ಎರಡನ್ನೂ ಕೇಳಿಸಿಕೊಂಡು ಬಟ್ಟೆ ಮಡಿಸುತ್ತಾ ಕೂತಳು. ಹೊರಟೇಬಿಟ್ಟಳು.

ಅಲ್ಲಿ ಅವಳಿಗೆ ಸಿಕ್ಕಿದ್ದು ಪೆನಿನಾ ಎಂಬ ಯಹೂದಿ ಅಜ್ಜಿ. ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಗಿತ್ತು, ಗಂಟಲೂ ನಿಧಾನ. ಬಾಯಿ ಮಾತ್ರ ನಮ್ಮವ್ವನ ಹಾಗೆಯೇ, ಜೋರು. ಅವರಲ್ಲಿ ಒಂದು ಹಬ್ಬವಂತೆ. ಆ ರಾತ್ರಿ ಹಿಟ್ಟು ಹುದುಗಿಸದೆ ಸುಟ್ಟ ಒಣ ರೊಟ್ಟಿಯನ್ನು ತಿನ್ನಲೇಬೇಕು. ಎಷ್ಟು ಅಂದರೆ ಆಲಿವ್ ಕಾಯಿಯಷ್ಟು, ನಮ್ಮ ಸಣ್ಣ ನೆಲ್ಲಿಕಾಯಿ ಅಂತಿಟ್ಟುಕೊಳ್ಳಿ. ಅದನ್ನೂ ಇಡೀ ರಾತ್ರಿ ಚೂರುಚೂರು ಮೆಲ್ಲುವಂತಿಲ್ಲ, ಇಷ್ಟು ಹೊತ್ತಿನೊಳಗೆ ಮುಗಿಸಬೇಕು. ಹಾಗಾದರೆ ಮಾತ್ರ ತಿಂದ ಲೆಕ್ಕ. ಆ ರೊಟ್ಟಿಯೋ ಹಪ್ಪಳದ ಹಾಗೆ ಗರಿಗರಿ. ಪೆನಿನಾ ಹಬ್ಬಕ್ಕೆ ಒಂದು ವಾರವಿರುವಾಗಲೇ ಹೆದರಿ ಅಳುತ್ತಿದ್ದಳಂತೆ. ಕೊನೆಗೆ ಅವರ ಧರ್ಮದ ಗುರು, ರಬ್ಬಿ ಅಂತಾರೆ, ಬಂದು, ಮುದುಕರು ರೋಗಿಗಳು ನೀರಲ್ಲಿ ನೆನೆಸಿಕೊಂಡು ತಿನ್ನಬಹುದು, ಕರಗಿ ಹೋಗಬಾರದು ಅಷ್ಟೇ ಎಂದು ಹೇಳಿದರಂತೆ. ಅಕ್ಕ ನೆನೆಸಿ ನೆನೆಸಿ ಕೊಟ್ಟಳು, ಅಜ್ಜಿ ಹೊತ್ತಿನೊಳಗೆ ನುಂಗಿದಳು. ಆಮೇಲೆ ಅಕ್ಕನ ಕೈ ಹಿಡಿದುಕೊಂಡು ಇನ್ನಷ್ಟು ಅತ್ತಳಂತೆ, ಈ ಸಲ ಖುಷಿಗೆ.

ಇದನ್ನು ಅಕ್ಕ ಫೋನಿನಲ್ಲಿ ಹೇಳಿದಾಗ ನಾನು, "ಆ ಹೊತ್ತು ಅಂದ್ರೆ ಎಷ್ಟು ಹೊತ್ತು?" ಎಂದು ಕೇಳಿದ್ದೆ. ಹೋಟೆಲಿನವನಲ್ಲವೇ, ಬೋರ್ಡ್ ಬರೆಸಿ ಹಾಕೋಣ ಅಂತ.

"ಅರ್ಧ ರೊಟ್ಟೀನ ಪಲ್ಯ ಹಚ್ಕಂಡು, ಆರಾಮಾಗಿ ಒರಗಿ ಕುಂತು ತಿನ್ನೋವಷ್ಟು ಹೊತ್ತಂತೆ ಕಣೋ."

"ಅದು ತಿನ್ನೋನ ಮೇಲೆ ಐತಲ್ಲಕ್ಕ!"

"ಅವ್ರೂ ಹಂಗೇ ಜಗಳ ಆಡ್ತಾರೆ. ಒಬ್ಬ ಗುರು ನಾಕು ನಿಮಿಷ ಅಂತಾರೆ, ಇನ್ನೊಬ್ರು ಒಂಬತ್ತು ಅಂತಾರೆ."

ನಾನು ಬಿದ್ದು ಬಿದ್ದು ನಕ್ಕಿದ್ದೆ.

ಅಲ್ಲಿ ಯುದ್ಧ ಶುರುವಾದಾಗ ನಗು ನಿಂತಿತು. ಅಕ್ಕ ಫೋನಿನಲ್ಲಿ ಮಾತಾಡುತ್ತಿರುವಾಗಲೇ ಸೈರನ್ ಕೂಗುತ್ತಿತ್ತು. "ಇಡ್ತೀನಿ" ಎಂದು ಪೆನಿನಾಳ ಗಾಲಿಕುರ್ಚಿ ತಳ್ಳಿಕೊಂಡು ಬಾಂಬಿಗೆ ಅಡಗುವ ಕೋಣೆಗೆ ಓಡುತ್ತಿದ್ದಳು. ಆ ದಿನಗಳಲ್ಲಿ ಅವ್ವ ದುರುಗಕ್ಕ ಯಾರಿಗೂ ಹೇಳದೆ ನಮ್ಮೂರ ದುರುಗಮ್ಮನ ಗುಡಿಗೆ ಹೋಗಿ ಹರಕೆ ಹೊತ್ತುಬಂದಳು. ಮಗಳು ಜೀವಂತ ಮನೆಗೆ ಬಂದರೆ ತಾನು ಬದುಕಿರುವಷ್ಟು ಕಾಲ ಮಂಗಳವಾರ ಹೊತ್ತು ಮುಳುಗುವವರೆಗೆ ಊಟ ಮಾಡುವುದಿಲ್ಲ ಅಂತ. ಪೆನಿನಾ ವಯಸ್ಸಾಗಿ ತನ್ನ ಹಾಸಿಗೆಯಲ್ಲೇ ನೆಮ್ಮದಿಯಿಂದ ಹೋದಳು. ಅಕ್ಕ ಊರಿಗೆ ಬಂದಳು. ಅವ್ವನ ಮಂಗಳವಾರಗಳು ಶುರುವಾದವು. ಯಾಕೆಂದು ಕೇಳಿದರೆ ದುರುಗಮ್ಮನ ವಾರ ಅಂತಷ್ಟೇ ಅನ್ನುತ್ತಿದ್ದಳು.

ಅವ್ವನಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಊಟ ಬಿಟ್ಟರೆ ಏನಾಗುತ್ತದೆಂದು ಹೇಳಬೇಕೇ? ಒಂದು ಮಂಗಳವಾರ ನಲ್ಲಿಯ ಹತ್ತಿರ ಕೊಡದ ಸಮೇತ ಬಿದ್ದಳು. ಹೊನ್ನಾಳಿಗೆ ಹೊತ್ತುಕೊಂಡು ಓಡಿದೆವು. ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನೊಂದು ಸಲ ಹಿಂಗಾದ್ರೆ ಉಳಿಸ್ಕಳಾಕೆ ಆಗ್ದೆ ಹೋಗ್ಬೋದು ರಮೇಶ್, ಉಪಾಸ ಬಿಡಿಸ್ರಿ" ಅಂದರು.

ಬಿಡಿಸುವುದು ಯಾರು? ಮನೆಗೆ ಬಂದ ಮೇಲೆ ನಾನು ಬೈದೆ. ಸುನೀತಾ ಕೈಮುಗಿದಳು. ಅವ್ವ ಗೋಡೆಯ ಕಡೆ ತಿರುಗಿ ಮಲಗಿ, "ಕೊಟ್ಟ ಮಾತು ಕೊಟ್ಟಾಯ್ತು. ದುರುಗಮ್ಮ ನನ್ನ ಮಗಳನ್ನ ಕೊಟ್ಲು, ನಾನು ಮಾತು ತಪ್ಪಾಕೆ ಆಗಲ್ಲ" ಅಂದಳು. ಹರಕೆಯ ವಿಷಯ ಅಕ್ಕನಿಗೆ ಗೊತ್ತಾದದ್ದೇ ಆಗ. ಅವಳ ಮುಖ ನೋಡಲಾಗಲಿಲ್ಲ. ಹಿತ್ತಲಿಗೆ ಹೋಗಿ ಬಹಳ ಹೊತ್ತು ಅತ್ತಳು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಅವರೆಕಾಯಿ ಬಳ್ಳಿ ಚೆನ್ನಾಗಿ ಹಬ್ಬಿದೆ ಅಂದೆ.

ಒಳಗೆ ಬಂದ ಅಕ್ಕ ಅವ್ವನ ಕಾಲ ಹತ್ತಿರ ಕೂತು ಪೆನಿನಾಳ ಇನ್ನೊಂದು ಕಥೆ ತೆಗೆದಳು. ಅವರಿಗೆ ವರ್ಷಕ್ಕೊಂದು ದೊಡ್ಡ ಉಪವಾಸವಿದೆ, ಒಂದು ಸಂಜೆಯಿಂದ ಮರುದಿನ ಕತ್ತಲಾಗುವವರೆಗೆ ನೀರೂ ಇಲ್ಲ. ಪೆನಿನಾಳಿಗೆ ಡಾಕ್ಟರು ಬೇಡವೆಂದರು, ಅವಳು ಕೇಳಲಿಲ್ಲ. ಮತ್ತೆ ಅದೇ ರಬ್ಬಿ ಬಂದರು.

"ಅವ್ರು ಏನಂದ್ರು ಗೊತ್ತೇನವ್ವ? ಉಪಾಸ ಬಿಡು ಅನ್ಲಿಲ್ಲ. ಒಂದು ತುತ್ತಿಗಿಂತ ಕಮ್ಮಿ ತಿನ್ನು, ಆಮೇಲೆ ಆ ಅರ್ಧ ರೊಟ್ಟಿ ಹೊತ್ತು ಸುಮ್ನೆ ಕೂತ್ಕ. ಮತ್ತೆ ಒಂಚೂರು ತಿನ್ನು. ಆ ಹೊತ್ತಿನೊಳಗೆ ತಿಂದದ್ದೆಲ್ಲ ಒಂದಕ್ಕೊಂದು ಕೂಡ್ಕಂಡು ಊಟ ಆಗ್ತೈತೆ. ಹೊತ್ತು ದಾಟಿದ್ಮೇಲೆ ಕೂಡಲ್ಲ, ಉಪಾಸ ಮುರಿದಂಗೂ ಅಲ್ಲ. ಜೀವಕ್ಕೇ ಬಂತು ಅಂದ್ರೆ ಮಾತ್ರ ಯಾವ ಲೆಕ್ಕಾನೂ ಇಲ್ಲ, ತಿನ್ಲೇಬೇಕು ಅಂದ್ರು."

ನನಗೆ ತಡೆಯಲಾಗಲಿಲ್ಲ. "ಹಬ್ಬದಾಗೆ ಬೇಗ ತಿನ್ನು, ಉಪಾಸದಾಗೆ ತಡವಾಗಿ ತಿನ್ನು. ಒಂದೇ ಗಡಿಯಾರ, ಎರಡು ನ್ಯಾಯ!"

"ನೀನು ಬಾಯಿ ಮುಚ್ಚು" ಎಂದು ಅವ್ವ ಗೋಡೆಯ ಕಡೆಯಿಂದಲೇ ಗದರಿದಳು. ಕೇಳಿಸಿಕೊಳ್ಳುತ್ತಿದ್ದಾಳೆ! ಇತ್ತ ತಿರುಗಿದಳು. "ಅದು ಜ್ವಾಳದ ರೊಟ್ಟೀನೋ ಗೋಧೀದೋ?"

"ಗೋಧೀದವ್ವ."

"ಪಲ್ಯ ಯಾವ್ದು?"

"ಅದು ಹೇಳಿಲ್ಲ."

"ಮುಖ್ಯವಾದ್ದೇ ಕೇಳಿಲ್ಲ ನೀನು" ಎಂದು ಅವ್ವ ಬೇಸರಪಟ್ಟಳು. ಆಮೇಲೆ, "ಅದು ಅವ್ರ ದೇವ್ರ ಮಾತಾತು. ನಮ್ಮ ತಾಯಿ ಒಪ್ಪಬೇಕಲ್ಲ. ಹೂ ಕೇಳ್ತೀನಿ. ಬಲಕ್ಕೆ ಬಿದ್ರೆ ಉಣ್ತೀನಿ, ಎಡಕ್ಕೆ ಬಿದ್ರೆ ನನ್ನ ಸುದ್ದಿಗೆ ಬರ್ಬ್ಯಾಡ್ರಿ" ಅಂದಳು.

ಹೂ ಕೇಳುವುದು ನಮ್ಮ ಕಡೆ ಎಲ್ಲದಕ್ಕೂ ಇದ್ದದ್ದೇ. ಹೆಣ್ಣು ತರುವಾಗ, ಬೋರು ಕೊರೆಸುವಾಗ, ಮನೆಗೆ ಪಾಯ ತೆಗೆಯುವಾಗ. ದುರುಗಮ್ಮನ ಮೂರ್ತಿಗೆ ಹೂ ಅಂಟಿಸಿ ಕೂರುತ್ತೇವೆ. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಎಡಕ್ಕೆ ಬಿದ್ದ ಮೇಲೆ ಅವ್ವನ ಮುಂದೆ ಯಾವ ಡಾಕ್ಟರೂ ನಿಲ್ಲಲಾರ.

ಅಕ್ಕ ಸುಮ್ಮನಿರಲಿಲ್ಲ. ಮಾರನೆಯ ದಿನವೇ ಹೊನ್ನಾಳಿಗೆ ಹೋಗಿ ಡಾಕ್ಟರನ್ನು ಕೇಳಿದಳು. ಅವರು ಮಂಗಳವಾರದ ಮಾತ್ರೆ ಕಡಿಮೆ ಮಾಡಿ, ಬೆಳಗಿನಿಂದ ಸ್ವಲ್ಪ ಸ್ವಲ್ಪವಾದರೂ ಹೊಟ್ಟೆಗೆ ಹೋಗುತ್ತಲೇ ಇದ್ದರೆ ಸಾಕು, ಬೆವರಿ ನಾಲಿಗೆ ತೊದಲಿದರೆ ಮಾತ್ರ ತಡಮಾಡದೆ ಸಕ್ಕರೆ ಕೊಡಿ ಅಂದರು.

ಮಂಗಳವಾರ ಬೆಳಗ್ಗೆ ಹೋಟೆಲು ಸುನೀತಾಳಿಗೆ ಒಪ್ಪಿಸಿ ನಾವು ಮೂವರೂ ಗುಡಿಗೆ ಹೋದೆವು. ಅಕ್ಕನ ಕೈಯಲ್ಲಿ ಬೆಲ್ಲ ಹಾಕಿದ ರಾಗಿ ಗಂಜಿಯ ತಂಬಿಗೆ. ಪೂಜಾರಿ ಚಿತ್ತಪ್ಪ ನಮ್ಮನ್ನು ಕಂಡು ಖುಷಿಯಾದ. ಅವ್ವನ ಮೇಲೆ ಅವನಿಗೂ ಜೀವ. ಹೂ ಎಲ್ಲಿ ಸುಮ್ಮಸುಮ್ಮನೆ ಜಾರಿಬಿಡುತ್ತದೋ ಅಂತ ಗಂಧವನ್ನು ಗಟ್ಟಿಯಾಗಿ ಕಲಸಿ, ದಪ್ಪ ಸೇವಂತಿಗೆಯೊಂದನ್ನು ಅಮ್ಮನ ಹಣೆಯ ಮೇಲೆ ಮೆತ್ತಿದ. ಗೋಡೆಗೆ ಬೆರಣಿ ಬಡಿದಂತೆ ಮೆತ್ತಿದ ಮಾರಾಯ.

"ಕೇಳ್ಕಳ್ರಿ ದುರುಗಕ್ಕ" ಅಂದ.

ಅವ್ವ ಕೇಳಿಕೊಂಡಳು. ನಾವು ಕಾದೆವು. ಹೂ ಅಲ್ಲಾಡಲಿಲ್ಲ. ಚಿತ್ತಪ್ಪ ಗಂಟೆ ಬಾರಿಸಿದ. "ತಾಯೀ, ಬಾಯಿ ಬಿಡವ್ವ, ಮಕ್ಕಳು ಕಾಯ್ತಾವೆ" ಎಂದು ಬೇಡಿದ. ಹೂ ಅಲ್ಲೇ ಇತ್ತು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂತು. ಎದ್ದು ಹೋಗುವಂತಿಲ್ಲ, ಅರ್ಧಕ್ಕೆ ಎದ್ದರೆ ಅಮ್ಮನಿಗೆ ಅವಮಾನ. ನನಗೋ ಕೂತಲ್ಲೇ ಮುಳ್ಳು ಚುಚ್ಚಿದ ಹಾಗೆ. ಅಷ್ಟರಲ್ಲಿ ನೋಡುತ್ತೇನೆ, ಅವ್ವನ ಕೈ ನಡುಗುತ್ತಿದೆ.

ಅಕ್ಕ ತಂಬಿಗೆಯ ಮುಚ್ಚಳ ತೆಗೆದಳು.

"ಹೂ ಬಿದ್ದಿಲ್ಲ" ಎಂದು ಅವ್ವ ಬಾಯಿ ಬಿಗಿಹಿಡಿದಳು.

"ಬೇಡ ಅಂತಾನೂ ಅಂದಿಲ್ಲವಲ್ಲ ಅವ್ವ. ಹರಕೆ ಹೊತ್ತದ್ದು ನನ್ನ ಜೀವಕ್ಕೆ. ನಾನು ಬಂದೀನಿ, ನೋಡು, ನಿನ್ನ ಪಕ್ಕದಾಗೇ ಕುಂತೀನಿ. ನನ್ನ ಹೆಸರು ಹೇಳ್ಕಂಡು ನೀನು ಹೋದ್ರೆ ನಾನು ಬಂದದ್ದು ಯಾತಕ್ಕೆ? ಅಲ್ಲೇ ಸತ್ತಿದ್ರೆ ಚೆನ್ನಾಗಿತ್ತು" ಎಂದು ಅಕ್ಕ ಗಟ್ಟಿಯಾಗಿ ಅತ್ತುಬಿಟ್ಟಳು. ಅವಳು ನಾಲ್ಕು ಜನರೆದುರು ಅತ್ತದ್ದನ್ನು ನಾನು ನೋಡಿಯೇ ಇರಲಿಲ್ಲ.

"ಬಿಡ್ತು ಅನ್ನು!" ಎಂದು ಅವ್ವ ಗದರಿದಳು. ಗದರುವುದಕ್ಕೆ ಬಾಯಿ ತೆರೆಯಿತು. ಅಕ್ಕ ಚಮಚ ಇಟ್ಟಳು.

ಅವ್ವ ನುಂಗಿದಳು. ಒಂದು ಕ್ಷಣ ಅಮ್ಮನ ಕಡೆ ನೋಡಿದಳು. ಹೂ ಹಾಗೇ ಇತ್ತು. ಅಕ್ಕ ಎರಡನೆಯ ಚಮಚ ಎತ್ತಿದ್ದೇ ಅವ್ವ ಕೈ ಅಡ್ಡ ಹಿಡಿದಳು. "ತಡಿಯೇ. ಅರ್ಧ ರೊಟ್ಟಿ ಆಗ್ಲಿ." ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು. ಖಾಲಿ ಬೆರಳಿನಿಂದ ಏನೋ ಮುರಿದ ಹಾಗೆ ಮಾಡಿದಳು. "ಮುರಿದೆ... ಎಣ್ಣೆಗಾಯಿ ಹಚ್ಚಿದೆ... ಬದನೆಕಾಯಿ ಎಳೇದು... ಖಾರ ಒಂಚೂರು ಮುಂದಾತು... ಅಗೀತಿದೀನಿ ಕಣೆ, ಹಲ್ಲಿಲ್ಲ, ಅರ್ಜೆಂಟ್ ಮಾಡಬ್ಯಾಡ."

ನನಗೆ ನಗು ಬಂತು. ಅರ್ಧಕ್ಕೇ ನಿಂತಿತು. ನನ್ನವ್ವನಿಗೆ ಎಷ್ಟು ಹಸಿವಾಗಿತ್ತು! ಇಷ್ಟು ಮಂಗಳವಾರ ಇಷ್ಟು ಹಸಿವು ಹೊಟ್ಟೆಯಲ್ಲಿಟ್ಟುಕೊಂಡು ಇವಳು ಕೊಡ ಹೊತ್ತಿದ್ದಳೇ?

"ಮುಗೀತು, ಕೊಡು" ಅಂದಳು. ಅಕ್ಕ ಕೊಟ್ಟಳು. ಮತ್ತೆ ಒರಗಿ ಇನ್ನೊಂದು ಅರ್ಧ ರೊಟ್ಟಿ ಶುರು ಮಾಡಿದಳು, ಈ ಸಲ ಹೆಸರುಕಾಳು ಪಲ್ಯದ ಜೊತೆ. ಚಿತ್ತಪ್ಪನೂ ಗಂಟೆ ಕೆಳಗಿಟ್ಟು ಕೂತ. "ಶೇಂಗಾ ಚಟ್ನಿ ಹಾಕ್ಕಳ್ರಿ ದುರುಗಕ್ಕ" ಎಂದು ಸಲಹೆ ಬೇರೆ ಕೊಟ್ಟ. ಹೀಗೆ ಬಿಸಿಲು ಗುಡಿಯ ನಡುಮನೆಗೆ ಬರುವವರೆಗೆ ಅವ್ವ ಚಮಚ ಚಮಚವಾಗಿ ಗಂಜಿ ಕುಡಿದಳು, ನಡುವೆ ಊರಿನ ಪಲ್ಯವನ್ನೆಲ್ಲ ತಿಂದಳು. ಕೈ ನಡುಗುವುದು ನಿಂತಿತು. ಮುಖಕ್ಕೆ ಬಣ್ಣ ಬಂತು. ಸುಮ್ಮನೆ ಕೂರುವ ಅಕ್ಕನನ್ನು ನೋಡಿ ಜೀವನದಲ್ಲಿ ಮೊದಲ ಸಲ ನನಗೆ ಉರಿಯಲಿಲ್ಲ. ಕೂತಷ್ಟು ಹೊತ್ತು ಕೂರಲಿ ಅನ್ನಿಸಿತು.

ತಂಬಿಗೆಯ ತಳ ಕಾಣುವ ಹೊತ್ತಿಗೆ ಗಂಧ ಒಣಗಿ ಬಿರುಕುಬಿಟ್ಟಿತು. ಹೂ ಬಿತ್ತು. ಎಡಕ್ಕೆ.

ಚಿತ್ತಪ್ಪ ತಲೆ ತಗ್ಗಿಸಿದ. ಅಕ್ಕನ ಕೈಯಲ್ಲಿ ಚಮಚ ಹಾಗೇ ನಿಂತಿತು. ನಾನು, ಇನ್ನೊಂದು ಹೂ ಇಡೋಣ, ಗಂಧದ್ದೇ ತಪ್ಪು ಎಂದು ಜಗಳ ತೆಗೆಯಲು ಬಾಯಿ ತೆರೆದೆ.

ಅವ್ವ ಎಡಗಡೆ ಬಿದ್ದ ಹೂವನ್ನು ನೋಡುತ್ತಾ ಕೂತಿದ್ದಳು. ಆಮೇಲೆ ಬೊಚ್ಚುಬಾಯಿ ಬಿಟ್ಟು ನಕ್ಕಳು. ಅಂಗಾತ ಬಿದ್ದಿದ್ದ ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡು ಮುಡಿಗೆ ಸಿಕ್ಕಿಸಿಕೊಂಡಳು.

"ಬ್ಯಾಡ ಅನ್ನೋಳಾಗಿದ್ರೆ ಮೊದ್ಲೇ ಅಂತಿದ್ಲು ಕಣ್ರೋ" ಅಂದಳು. "ನಾನು ಉಂಡು ಮುಗಿಸೋಗಂಟ ಬಾಯಿ ಮುಚ್ಕಂಡು ಕುಂತಿದ್ಲು ನೋಡ್ರಿ. ಹುಲಿಗೀ, ತಳದಾಗೆ ಇನ್ನೊಂಚೂರು ಐತಲ್ಲ, ಕೊಡು."