ಎಣ್ಣೆಗೆ ನೀರು ಸುರಿದವಳು

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕರಿಯುವ ಒಲೆಯ ಮುಂದೆ ಅವಳು ನಿಂತು ಇಪ್ಪತ್ತೆರಡು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಎರಡು ಸಲ ಎಣ್ಣೆ ಹೊತ್ತಿಕೊಂಡಿತ್ತು. ಎರಡು ಸಲವೂ ಆಚೆ ಊಟಕ್ಕೆ ಕೂತವರಿಗೆ ಗೊತ್ತೇ ಆಗಲಿಲ್ಲ. ಗ್ಯಾಸ್ ಆರಿಸಿ, ಬಾಣಲೆಯ ಮೇಲೆ ಮುಚ್ಚಳ ಎಳೆದು, ಪಕ್ಕದ ಒಲೆಗೆ ಕೆಲಸ ಬದಲಾಯಿಸಿಕೊಂಡಿದ್ದಳು, ಅಷ್ಟೇ. ಅರ್ಧ ಬಾಣಲೆಗಿಂತ ಹೆಚ್ಚು ಎಣ್ಣೆ ಸುರಿದವಳಲ್ಲ. ಹಸಿ ಹೋಳನ್ನು ಬಟ್ಟೆಯಲ್ಲಿ ಒರೆಸದೆ ಎಣ್ಣೆಗೆ ಬಿಟ್ಟವಳಲ್ಲ. ಎಣ್ಣೆ ತೆಳ್ಳಗೆ ಹೊಗೆಯಾಡಿದರೆ ಸಾಕು, ಯಾರು ಎಷ್ಟೇ ಅವಸರ ಮಾಡಲಿ, ಉರಿ ಆರಿಸಿಬಿಡುತ್ತಿದ್ದಳು. ಒಲೆಯ ಎಡಕ್ಕೆ, ಕೈಗೆ ಸಿಗುವಂತೆ, ಬಾಣಲೆಗಿಂತ ಒಂದು ಬೆರಳು ಅಗಲವಾದ ಮುಚ್ಚಳ ಯಾವಾಗಲೂ ಇರಬೇಕು. ಹಾಗಾಗಿ ಅಲ್ಲಿಯವರು ಅವಳನ್ನು ಮುಚ್ಚಳದಕ್ಕ ಎಂದೇ ಕರೆಯುತ್ತಿದ್ದರು.

ಮದುವೆಯಾಗಿರಲಿಲ್ಲ. ತಮ್ಮನ ಮನೆಯಲ್ಲಿ, ಹಾಸಿಗೆ ಹಿಡಿದ ತಾಯಿಯ ಕೋಣೆಯಲ್ಲೇ ಮಲಗುತ್ತಿದ್ದಳು. ತಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದ. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು "ಬ್ರೇಕ್ ಒತ್ರೀ" ಎಂದು ಕೂಗಿ ಕೂಗಿ, ಮನೆಗೆ ಬಂದ ಮೇಲೂ ಎಲ್ಲರೂ ತಪ್ಪು ಗೇರಿನಲ್ಲೇ ಓಡುತ್ತಿದ್ದಾರೆ ಎಂದು ಅವನಿಗೆ ಅನ್ನಿಸುತ್ತಿತ್ತು.

ಮನೆಯ ಒಲೆಯ ಪಕ್ಕದಲ್ಲೂ ಅವಳೊಂದು ಮುಚ್ಚಳ ತಂದಿಟ್ಟಿದ್ದಳು. ತಮ್ಮನಿಗೆ ಅದೊಂದು ತಮಾಷೆ.

"ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ನಮ್ಮನೇಲಿ ಬಾಣಲೆಗಿಂತ ಮುಚ್ಚಳ ಭಾರ," ಎನ್ನುತ್ತಿದ್ದ. ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು.

ಅದೊಂದು ಭಾನುವಾರ ಮಧ್ಯಾಹ್ನ ತಮ್ಮನ ಹೆಂಡತಿಯ ತವರಿನವರು ಬರುವವರಿದ್ದರು. ಮಸಿ ಹಿಡಿದ ಮುಚ್ಚಳ ನೆಂಟರ ಕಣ್ಣಿಗೆ ಬೀಳಬಾರದೆಂದು ತಮ್ಮ ಬೆಳಿಗ್ಗೆಯೇ ಅದನ್ನು ಅಟ್ಟಕ್ಕೆ ಎಸೆದಿದ್ದ. ಹೆಂಡತಿ ಆಲೂಗೆಡ್ಡೆ ಕರಿಯಲು ಬಾಣಲೆಯ ತುಂಬ ಎಣ್ಣೆ ಇಟ್ಟಳು. ಉರಿ ದೊಡ್ಡದಾಗಿಯೇ ಇತ್ತು. ಅಷ್ಟರಲ್ಲಿ ತವರಿನಿಂದ ಅವಳ ಅಮ್ಮನ ಫೋನ್ ಬಂತು. ಮಾತಾಡುತ್ತ ಹೊರಬಾಗಿಲಿನವರೆಗೆ ನಡೆದಳು, ಬಾಗಿಲು ದಾಟಿ ಬೀದಿಗೂ ಇಳಿದಳು.

ಮುಚ್ಚಳದಕ್ಕ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಕೆಳಗಿನಿಂದ ಬಂದ ವಾಸನೆ ಅವಳಿಗೆ ಹೊಸದಲ್ಲ. ಬಟ್ಟೆಯನ್ನು ಅಲ್ಲೇ ಬಿಸಾಕಿ ಓಡಿಬಂದಳು. ಬಾಣಲೆಯ ಮೇಲೆ ಮೊಳದುದ್ದ ಬೆಂಕಿ ಎದ್ದಿತ್ತು. ಮೊದಲು ಗ್ಯಾಸ್ ತಿರುಗಿಸಿ ಆರಿಸಿದಳು. ಎಡಗೈ ತಾನಾಗಿ ಮುಚ್ಚಳಕ್ಕೆ ಹೋಯಿತು. ಜಾಗ ಖಾಲಿ. ಹುಡುಕುತ್ತ ನಿಲ್ಲಲಿಲ್ಲ, ಗೋಡೆಯ ಸ್ಟ್ಯಾಂಡಿನಿಂದ ಅಗಲವಾದ ಸ್ಟೀಲ್ ತಟ್ಟೆ ಎಳೆದುಕೊಂಡು, ಗುರಾಣಿಯಂತೆ ಮುಂದೆ ಹಿಡಿದು, ಬಾಣಲೆಯ ಅಂಚಿನಿಂದ ಜಾರಿಸಿ ಮುಚ್ಚಿದಳು. ಬೆಂಕಿ ಕಾಣದಾಯಿತು. ಅಂಚಿನಿಂದ ಹೊಗೆ ಮಾತ್ರ ಬರುತ್ತಿತ್ತು. ಇನ್ನು ಯಾರೂ ಅದನ್ನು ಮುಟ್ಟದಿದ್ದರೆ ಆಯಿತು.

ಬಚ್ಚಲಿನಿಂದ ತಮ್ಮ ಬಕೆಟ್ ಹಿಡಿದು ಬಂದ.

"ಏನಿಲ್ಲ ಕಣೋ, ಆರಿದೆ. ಹಾಗೇ ಬಿಡು," ಎಂದಳು.

"ಇಷ್ಟು ಹೊಗೆ ಬರ್ತಿದೆ, ಆರಿದೆಯಂತೆ! ಸರಿ ಆ ಕಡೆ."

"ತಟ್ಟೆ ತೆಗೀಬೇಡ! ಎಣ್ಣೆ ಕಾದಿದೆ, ಗಾಳಿ ತಾಗಿದ್ರೆ ಮತ್ತೆ ಹತ್ಕೊಳ್ಳುತ್ತೆ. ನೀರಂತೂ ಹಾಕ್ಲೇಬೇಡ, ನಿನ್ನ ದಮ್ಮಯ್ಯ!"

"ನಿನ್ನ ಕ್ಯಾಂಟೀನ್ ಪಾಠ ಕ್ಯಾಂಟೀನಲ್ಲಿ ಇಟ್ಕೋ."

ಇಕ್ಕಳದಿಂದ ತಟ್ಟೆ ಎಳೆದ. ಬೆಂಕಿ ಭಗ್ಗೆಂದಿತು. ಅವಳು ತಟ್ಟೆಗೆ ಕೈ ಚಾಚಿ ಒಲೆಯ ಕಡೆ ಬಗ್ಗಿದಳು. ಅವನು ಹಿಂದಕ್ಕೆ ಸರಿದು, ದೂರದಿಂದಲೇ ಬಕೆಟ್ಟಿನ ನೀರನ್ನು ಎರಚಿದ. ಕಾದ ಎಣ್ಣೆಗೆ ಇಳಿದ ನೀರು ಒಂದೇ ಉಸಿರಿಗೆ ಆವಿಯಾಗಿ ಸಿಡಿದು, ಉರಿಯುವ ಎಣ್ಣೆಯನ್ನು ಸೂರಿನವರೆಗೆ ಎತ್ತಿ ಹಾಕಿತು. ಅದರಲ್ಲಿ ಹೆಚ್ಚಿನದು ಅವಳ ಮೇಲೆ ಬಿತ್ತು. ತಮ್ಮನ ಮುಂಗೈ ಕೂದಲು ಸುಟ್ಟಿತು.

ಅವಳು ದುಡಿಯುತ್ತಿದ್ದ ಆಸ್ಪತ್ರೆಗೇ ಸೇರಿಸಿದರು. ಅಲ್ಲಿ ಕೇಳಿದವರಿಗೆಲ್ಲ ತಮ್ಮ ಒಂದೇ ಮಾತು ಹೇಳಿದ. "ಅಕ್ಕ ಗಾಬರಿಯಲ್ಲಿ ಎಣ್ಣೆಗೆ ನೀರು ಸುರಿದುಬಿಟ್ಲು." ಅವಳ ತುಟಿಗಳು ಊದಿ ಅಂಟಿಕೊಂಡಿದ್ದವು. ಬ್ಯಾಂಡೇಜು ಬಿಚ್ಚುತ್ತ ನರ್ಸ್ ಬೈದಳು: "ನಮಗೆಲ್ಲ ಕರಿದು ಹಾಕ್ತಿದ್ದೋರು ನೀವೇ ಅಲ್ವಾ? ಎಣ್ಣೆಗೆ ನೀರು ಹಾಕ್ಬಾರ್ದು ಅಂತ ಚಿಕ್ಕ ಮಕ್ಕಳಿಗೂ ಗೊತ್ತು." ಅವಳು ಗಂಟಲಿನಲ್ಲೇ ಏನೋ ಸದ್ದು ಮಾಡಿದಳು. ನೋವಿಗೆ ನರಳುತ್ತಿದ್ದಾಳೆಂದು ನರ್ಸ್ ಸೂಜಿ ಚುಚ್ಚಿದಳು.

ಐದನೆಯ ವಾರ ಮಾತು ಬಂತು. ಆ ಹೊತ್ತಿಗೆ ಸುದ್ದಿ ಆಸ್ಪತ್ರೆಯ ಮೂಲೆಮೂಲೆಗೂ ತಲುಪಿತ್ತು. ಮನೆಗೆ ಬಂದವಳೇ ತಾಯಿಯ ಮಂಚದ ಬಳಿ ಕೂತಳು. ಆ ಮಂಚದಿಂದ ನೇರವಾಗಿ ಅಡುಗೆಮನೆ ಕಾಣುತ್ತದೆ.

"ಅಮ್ಮಾ, ನೀನು ನೋಡಿದೆ ತಾನೆ?"

ತಾಯಿ ಗೋಡೆಯ ಕಡೆಗೆ ಮುಖ ತಿರುಗಿಸಿದಳು.

"ನೋಡಿದೆ ಕಣೆ. ಅವನು ಹೆಂಡತಿ ಮಕ್ಕಳಿರೋನು. ಅತ್ತೆ ಮನೆಯವರ ಮುಂದೆ ತಲೆ ಎತ್ತಿ ಓಡಾಡ್ಬೇಕು. ನಿನಗೇನು, ಹಿಂದಿಲ್ಲ ಮುಂದಿಲ್ಲ. ಹೊಟ್ಟೆಗೆ ಹಾಕ್ಕೋ."

ಕ್ಯಾಂಟೀನಿನಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಆದರೂ ನಾಲ್ಕು ತಿಂಗಳ ನಂತರ, ತರಕಾರಿ ಹೆಚ್ಚುವ ಕೆಲಸವಾದರೂ ಸಿಗಬಹುದೆಂದು ಹೋದಳು. ಅಡುಗೆಮನೆಯಲ್ಲಿ ಮೇಲ್ವಿಚಾರಕ ಹೊಸಬರನ್ನು ಸಾಲಾಗಿ ನಿಲ್ಲಿಸಿಕೊಂಡು ಹೇಳುತ್ತಿದ್ದ: "ಇಪ್ಪತ್ತೆರಡು ವರ್ಷದ ಅನುಭವ ಇದ್ದೋಳು ಕಣ್ರಪ್ಪಾ, ಮುಚ್ಚಳದಕ್ಕ. ಮನೇಲಿ ಉರಿಯೋ ಎಣ್ಣೆಗೆ ಬಕೆಟ್ ನೀರು ಎತ್ತಿ ಸುರಿದ್ಲು. ಅವಳ ಮುಖ ನೋಡಿದ್ರೆ ನೀವು ಜನ್ಮದಲ್ಲಿ ಮರೆಯಲ್ಲ."

ಬಾಗಿಲಲ್ಲಿ ನಿಂತವಳನ್ನು ಯಾರೋ ಕಂಡರು. ಸಾಲಿನಲ್ಲಿದ್ದವರೆಲ್ಲ ಅತ್ತ ತಿರುಗಿದರು.

"ಗ್ಯಾಸ್ ಆರಿಸಿದೆ. ಮುಚ್ಚಿದೆ. ಬೆಂಕಿ ಹೋಗಿತ್ತು," ಎಂದಳು. ಎಳೆದುಕೊಂಡ ತುಟಿಯಿಂದ ಮಾತು ನೆಟ್ಟಗೆ ಬರುತ್ತಿರಲಿಲ್ಲ. "ನೀರು ಹಾಕಿದ್ದು ನಾನಲ್ಲ. ನನ್ನ ತಮ್ಮ."

ಹೊಸಬನೊಬ್ಬ ಪಕ್ಕದವನ ಕಿವಿಯಲ್ಲಿ ಏನೋ ಅಂದ. ಇಬ್ಬರೂ ತಲೆ ತಗ್ಗಿಸಿಕೊಂಡು ನಕ್ಕರು. ಮೇಲ್ವಿಚಾರಕ ಬಂದು ಅವಳ ಭುಜದ ಮೇಲೆ ಕೈಯಿಟ್ಟ. ಕೆಟ್ಟವನಲ್ಲ ಅವನು.

"ಆಯ್ತಕ್ಕಾ. ಯಾರಿಗಾದ್ರೂ ತಪ್ಪಾಗುತ್ತೆ. ನಿಮ್ಮನ್ನ ಹಗಲೂ ರಾತ್ರಿ ನೋಡ್ಕೊಂಡ ತಮ್ಮನ ಮೇಲೆ ಹಾಕ್ಬೇಡಿ, ಒಳ್ಳೇದಲ್ಲ."

ಅವನೇ ಮಾತಾಡಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಕೊಡಿಸಿದ. ಬಲಗೈಯ ಮೂರು ಬೆರಳು ಮಡಚುವುದಿಲ್ಲ. ಹಾಸಿಗೆಯ ಹೊದಿಕೆಯ ಒಂದು ಅಂಚನ್ನು ಗದ್ದದ ಕೆಳಗೆ ಒತ್ತಿ ಹಿಡಿದು, ಉಳಿದದ್ದನ್ನು ಎಡಗೈಯಲ್ಲಿ ಮಡಿಸುತ್ತಾಳೆ. ಸಂಜೆ ಮನೆಗೆ ಬಂದು ತಾಯಿಯ ಮೈ ಒರೆಸುತ್ತಾಳೆ, ಮಗ್ಗುಲು ಬದಲಾಯಿಸುತ್ತಾಳೆ. "ಅತ್ತಿಗೆ, ನೀವು ಒಲೆ ಹತ್ರ ಮಾತ್ರ ಬರ್ಬೇಡಿ," ಎಂದು ತಮ್ಮನ ಹೆಂಡತಿ ನೆಂಟರೆದುರೇ ಹೇಳುತ್ತಾಳೆ.

ನೆಂಟರು ಅವಳ ಮುಖ ನೋಡಿ ಕೇಳುತ್ತಾರೆ. ತಮ್ಮ ಕಥೆ ಶುರು ಮಾಡುತ್ತಾನೆ. ವರ್ಷ ಕಳೆದಂತೆ ಅದಕ್ಕೆ ಕೈಕಾಲು ಬೆಳೆದಿದೆ. ಈಗ ಅವನು ಬೆಂಕಿಯೊಳಗೆ ನುಗ್ಗಿ ಅಕ್ಕನನ್ನು ಎತ್ತಿ ತರುತ್ತಾನೆ. ಮೊನ್ನೆ ಬಂದ ಹೆಂಗಸೊಬ್ಬಳು ಕಣ್ಣೊರೆಸಿಕೊಂಡು, "ಇಂಥ ತಮ್ಮ ಸಿಗೋಕೆ ಪುಣ್ಯ ಮಾಡಿದ್ರಿ ನೀವು," ಎಂದಳು.

ಉತ್ತರಕ್ಕಾಗಿ ಎಲ್ಲರೂ ಅವಳನ್ನೇ ನೋಡಿದರು. ಒಳಗಿನ ಕೋಣೆಯಲ್ಲಿ ತಾಯಿ ಕೆಮ್ಮಿದಳು.

"ಹೂಂ," ಎಂದಳು ಅವಳು. ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.